ಸೀರೆ ಸುಕ್ಕಾಗಿದೆ, ಇಸ್ತ್ರಿ ಮಾಡ್ಲಾ?

ಪ್ರಶ್ನೆ: ಅತ್ತೆ ಕೊಟ್ಟ ಮೈಸೂರು ಸಿಲ್ಕ್ ಸೀರೆ ವರ್ಷಗಟ್ಟಲೆ ಬೀರುವಿನಲ್ಲೇ ಇತ್ತು. ಮುಂದಿನ ವಾರ ನಾದಿನಿ ಮದುವೆಗೆ ಉಡಬೇಕು. ಮಡಿಕೆ ಇದ್ದ ಕಡೆಯೆಲ್ಲ ಗೆರೆ ಬಿದ್ದಿದೆ. ನೀರು ಚಿಮುಕಿಸಿ ಇಸ್ತ್ರಿ ಮಾಡಬಹುದಾ?
– ಓದುಗರೊಬ್ಬರು, ಹಾಸನ

ಉತ್ತರ: ನೀರು ಮಾತ್ರ ಚಿಮುಕಿಸಬೇಡಿ. ಹತ್ತಿ ಸೀರೆಗೆ ಅದು ಸರಿ, ರೇಷ್ಮೆ ಮೇಲೆ ಹನಿ ಬಿದ್ದ ಕಡೆ ಕಲೆ ಉಳಿದುಬಿಡುತ್ತದೆ, ಆಮೇಲೆ ಸುಕ್ಕಿಗಿಂತ ಅದೇ ಎದ್ದು ಕಾಣುತ್ತದೆ. ಇಸ್ತ್ರಿಗೂ ಅವಸರ ಬೇಡ. ಮೈಸೂರು ಸಿಲ್ಕ್ ಅಂದರೆ ಕ್ರೇಪ್ ಅಲ್ವಾ, ನೂಲಿಗೆ ಹುರಿ ಜಾಸ್ತಿ ಕೊಟ್ಟು ನೇಯ್ದಿರುತ್ತಾರೆ, ಹಾಗಾಗಿ ಸುಮ್ನೆ ಇಳಿಬಿಟ್ಟರೂ ಸಣ್ಣಪುಟ್ಟ ಸುಕ್ಕು ತಾನಾಗೇ ಬಿಡುತ್ತದೆ.

ಮೊದಲು ಗೆರೆ ಬಿದ್ದ ಜಾಗವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿ. ಎಳೆ ಬಿಟ್ಟುಕೊಂಡು ಬೆಳಕು ತೂರಿ ಬಂದರೆ, ಅದರಲ್ಲೂ ಜರಿ ಅಂಚಿನ ಪಕ್ಕದಲ್ಲಿ, ಸೀರೆ ಪಿಸಿಯಲು ಶುರುವಾಗಿದೆ ಅಂತಲೇ ಲೆಕ್ಕ. ಅಂಥದ್ದನ್ನು ರೋಲ್ ಪ್ರೆಸ್‌ಗೆ ಕೊಡಲೇಬೇಡಿ, ಎಳೆತಕ್ಕೆ ಉದ್ದಕ್ಕೂ ಸೀಳಿಹೋದೀತು.

ಗಟ್ಟಿಯಾಗಿದ್ದರೆ, ಬಟ್ಟೆ ಸ್ಟ್ಯಾಂಡ್‌ ಮೇಲೆ ಹಳೇ ಪಂಚೆ ಹಾಸಿ ರಾತ್ರಿಯಿಡೀ ಅಗಲಕ್ಕೆ ಹರವಿ. ಬೆಳಿಗ್ಗೆ ಉಳಿದ ಗೆರೆಗಷ್ಟೇ ಇಸ್ತ್ರಿ. ಗುಂಡಿಯನ್ನು ‘ಸಿಲ್ಕ್’ಗೆ ತಿರುಗಿಸಿ, ಸೀರೆಯ ಒಳಮೈ ಮೇಲೆ ಬರುವಂತೆ ಹಾಸಿ, ಅದರ ಮೇಲೆ ತೆಳ್ಳನೆಯ ಬಿಳಿ ಹತ್ತಿ ಬಟ್ಟೆ ಹಾಕಿ. (ಬಣ್ಣದ ಟವೆಲ್ ಬೇಡ, ಬಣ್ಣ ಬಿಟ್ಟರೆ ಕಷ್ಟ.) ಪೆಟ್ಟಿಗೆಯನ್ನು ಉಜ್ಜಬೇಡಿ, ಇಟ್ಟು ಎತ್ತಿ, ಇಟ್ಟು ಎತ್ತಿ. ರೇಷ್ಮೆಯೂ ನಮ್ಮ ಕೂದಲಿನ ಹಾಗೆ ಪ್ರೋಟೀನ್ ಎಳೆ, ಕಾವು ಜಾಸ್ತಿಯಾದರೆ ಹಳದಿಗೆ ತಿರುಗಿ ಬಿರುಸಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಬೀದಿಯ ಇಸ್ತ್ರಿ ಗಾಡಿಗೆ ಕೊಡಲು ನನಗಂತೂ ಧೈರ್ಯವಿಲ್ಲ. ಕೆಂಡದ ಪೆಟ್ಟಿಗೆಗೆ ಕಾವು ತಗ್ಗಿಸುವ ಗುಂಡಿ ಎಲ್ಲಿದೆ ಹೇಳಿ?

ಮದುವೆ ಮುಗಿಸಿ ಬಂದ ಮೇಲೆ ಬೆವರು ಆರುವ ತನಕ ನೆರಳಲ್ಲಿ ಹರವಿ, ಪಂಚೆಯಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಮೂರು ನಾಲ್ಕು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ನುಸಿ ಗುಳಿಗೆ ಜರಿಗೆ ತಾಗದಿರಲಿ. ಈಗ ಬಿದ್ದಿರುವ ಗೆರೆಗೆ ಕಾರಣ ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟದ್ದೇ.

ಪ್ರಶ್ನೆ: ರೇಷ್ಮೆ ಕುರ್ತಾಗೆ ಕೈಯಲ್ಲಿ ಹಿಡಿಯುವ ಸ್ಟೀಮರ್ ಆಗುತ್ತಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುತ್ತದೆ. ಆದರೆ ಬಿಸಿಯಾಗುವಾಗ ಅದು ಮೊದಲು ನೀರು ಉಗುಳುತ್ತದೆ, ಅದನ್ನು ಬಚ್ಚಲಲ್ಲಿ ಬಿಟ್ಟುಬಿಡಿ. ಬರೀ ಆವಿ ಬರತೊಡಗಿದ ಮೇಲೆ ಕುರ್ತಾ ಒಳಮಗ್ಗುಲಿಗೆ ತಿರುಗಿಸಿ, ನಾಲ್ಕು ಬೆರಳು ದೂರದಿಂದ ಹಿಡಿಯಿರಿ. ಕಾಲರ್‌ನಲ್ಲಿ ಜರಿ ಕೆಲಸ ಇದ್ದರೆ ಅಲ್ಲಿಗೆ ಬೇಡ.