ಮಂಜಣ್ಣ, ಬಿಎಂಐ ನೋಡಿದ್ದಾಯಿತು, ಈಗ ಸೊಂಟಕ್ಕೆ ಟೇಪು ಹಿಡಿಯಿರಿ

ಮಂಜಣ್ಣ, ಸೊಸೈಟಿಯ ಆರೋಗ್ಯ ಶಿಬಿರದಲ್ಲಿ ನಿಮಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಂಕಿ) 24.2 ಬಂತು, ಚೀಟಿಯಲ್ಲಿ ‘ತೂಕ ಹೆಚ್ಚು’ ಅಂತ ಬರೆದರು, ಮೊಬೈಲಿನಲ್ಲಿ ನೋಡಿದರೆ 25ರ ತನಕ ನಾರ್ಮಲ್ ಅಂತಿದೆ. ಇಡೀ ದಿನ ತೋಟದಲ್ಲಿ ದುಡಿಯುವ ತಮ್ಮನಿಗೆ 26.5 ಬಂದು ‘ಬೊಜ್ಜು’ ಅಂತ ಬರೆದಿದ್ದಾರೆ, ಯಾವುದನ್ನು ನಂಬೋದು ಅಂತ ಕೇಳಿದ್ದೀರಿ. ‘ಅದೆಲ್ಲ ಸುಳ್ಳು ಬಿಡಿ’ ಅಂತ ಈ ಗುಂಪಿನಲ್ಲಿ ಒಂದಿಬ್ಬರು ಉತ್ತರ ಕೊಟ್ಟಿದ್ದಾರೆ. ದಯವಿಟ್ಟು ಹಾಗೆ ಬಿಡಬೇಡಿ.

ಲೆಕ್ಕ ಸುಲಭ. ಕೆಜಿಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸೋದು. ನಿಮ್ಮದು 66 ಕೆಜಿ, 1.65 ಮೀಟರು, 24.2 ಸರಿಯಾಗಿಯೇ ಇದೆ. ಆದರೆ ಎತ್ತರವನ್ನು ನೆನಪಿನಿಂದ ಹೇಳಿದ್ದರೆ ಮತ್ತೆ ಅಳೆಸಿಕೊಳ್ಳಿ, ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು. ಎರಡು ಸೆಂಟಿಮೀಟರು ಕಡಿಮೆಯಾದರೂ ಅದೇ ತೂಕಕ್ಕೆ 24.8 ಆಗುತ್ತದೆ.

ಈ ಸೂತ್ರ ಕೊಟ್ಟವರು ಬೆಲ್ಜಿಯಂನ ಅಡಾಲ್ಫ್ ಕ್ವೆಟಲೆ, 1830ರ ದಶಕದಲ್ಲಿ. ಅವರು ಡಾಕ್ಟರಲ್ಲ, ಜನಸಮೂಹದ ಅಂಕಿಅಂಶ ನೋಡುತ್ತಿದ್ದವರು. ಬಿಎಂಐ ಅನ್ನುವ ಹೆಸರು ಬಂದಿದ್ದು 1972ರಲ್ಲಿ, ಅಮೆರಿಕದ ಆನ್ಸೆಲ್ ಕೀಸ್ ಅವರಿಂದ. ಸಾವಿರಾರು ಜನರನ್ನು ಒಟ್ಟಿಗೆ ನೋಡುವಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಒಬ್ಬನೇ ಮನುಷ್ಯನ ವಿಷಯಕ್ಕೆ ಬಂದಾಗ, ಹಸಿ ಅಡಿಕೆ ಮೂಟೆ ತೂಗಿದ ಹಾಗೆ: ತೂಕ ಗೊತ್ತಾಗುತ್ತದೆ, ಸಿಪ್ಪೆ ಎಷ್ಟು ಒಳಗೆ ಅಡಿಕೆ ಎಷ್ಟು ಅಂತ ಗೊತ್ತಾಗುವುದಿಲ್ಲ. ಕೊಬ್ಬು ಎಷ್ಟು, ಮಾಂಸಖಂಡ ಎಷ್ಟು, ಕೊಬ್ಬು ಕೂತಿರೋದು ತೊಡೆಯಲ್ಲೋ ಹೊಟ್ಟೆಯೊಳಗೋ, ಬಿಎಂಐ ಇದ್ಯಾವುದನ್ನೂ ಹೇಳುವುದಿಲ್ಲ.

ಇನ್ನು ಮೊಬೈಲಿನ ಮಿತಿ 25, ಚೀಟಿ ಬರೆದವರು ಹಿಡಿದ ಮಿತಿ 23. ಎರಡೂ ತಪ್ಪಲ್ಲ. 25 ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಮಿತಿ. ಭಾರತೀಯರಿಗೆ ನಮ್ಮ ತಜ್ಞರು 2009ರಲ್ಲಿ 23ಕ್ಕೇ ‘ತೂಕ ಹೆಚ್ಚು’, 25ಕ್ಕೇ ‘ಬೊಜ್ಜು’ ಅಂತ ಇಳಿಸಿದರು. ಕಾರಣ ಇದೆ. 2004ರಲ್ಲಿ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿದರು. ಇಬ್ಬರ ಬಿಎಂಐಯೂ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್ ಅವರದು ಶೇ. 9.1, ಯಾಜ್ಞಿಕ್ ಅವರದು ಶೇ. 21.2. ನಮ್ಮವರು ನೋಡೋಕೆ ಸಣ್ಣಗಿದ್ದರೂ ಹೊಟ್ಟೆಯಲ್ಲಿ ಕೊಬ್ಬು ಸೇರುವುದು ಜಾಸ್ತಿ, ಶುಗರ್ ಬರುವುದೂ ಬೇಗ. ಹಾಗಾಗಿ ನಿಮ್ಮ 24.2ನ್ನು ನಾರ್ಮಲ್ ಅಂದುಕೊಂಡು ಕೂರಬೇಡಿ, ಅದರಲ್ಲೂ ಮಂಡಿನೋವಿನಿಂದ ತೋಟಕ್ಕೆ ಇಳಿಯೋದು ಕಡಿಮೆಯಾಗಿದೆ ಅಂತ ನೀವೇ ಬರೆದಿರುವಾಗ.

ತಮ್ಮನ 26.5ರಲ್ಲಿ ಮಾಂಸಖಂಡದ ಪಾಲು ದೊಡ್ಡದಿರಬಹುದು. ಆದರೆ ದುಡಿಯುವವನಿಗೆ ಬೊಜ್ಜು ಬರೋದೇ ಇಲ್ಲ ಅನ್ನೋದೂ ನಿಜವಲ್ಲ. ಇಬ್ಬರೂ ಸೊಂಟ ಅಳೆದುಕೊಳ್ಳಿ.

ಟೈಲರ್ ಟೇಪು ತಗೊಳ್ಳಿ. ಪಕ್ಕೆಲುಬಿನ ಕೊನೆ ಕೈಗೆ ಸಿಗುತ್ತದೆ, ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ; ಎರಡರ ನಡುವೆ, ಬರಿಮೈ ಮೇಲೆ, ಸುತ್ತಲೂ ಒಂದೇ ಮಟ್ಟದಲ್ಲಿ ಟೇಪು ಬರಬೇಕು. ಉಸಿರು ಸಹಜವಾಗಿ ಬಿಟ್ಟ ಮೇಲೆ ಓದಿ, ಹೊಟ್ಟೆ ಎಳೆದುಕೊಳ್ಳಬೇಡಿ. ಪ್ಯಾಂಟಿನ ಸೈಜು ಹೇಳಿದರೆ ಆಗದು, ಪ್ಯಾಂಟು ಹೊಟ್ಟೆಯ ಕೆಳಗೆ ನಿಂತಿರುತ್ತದೆ. ಪಂಚೆ ಉಡುವವರಿಗಂತೂ ಸೊಂಟ ಹೆಚ್ಚಿದ್ದು ಗೊತ್ತೇ ಆಗುವುದಿಲ್ಲ, ಗಂಟು ಸಡಿಲ ಮಾಡಿಕೊಂಡರೆ ಮುಗಿಯಿತು. ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದರೆ ಎಚ್ಚರಿಕೆ. ಟೇಪಿಲ್ಲದಿದ್ದರೆ ನಿಮ್ಮ ಎತ್ತರದಷ್ಟು ದಾರ ಕತ್ತರಿಸಿ ಅರ್ಧಕ್ಕೆ ಮಡಚಿ ಸೊಂಟಕ್ಕೆ ಸುತ್ತಿ. ತುದಿಗಳು ಕೂಡದಿದ್ದರೆ ಹೊಟ್ಟೆ ಹೆಚ್ಚಾಗಿದೆ ಅಂತಲೇ ಲೆಕ್ಕ.

ಮನೆಯಲ್ಲಿ ವಯಸ್ಸಾದವರಿದ್ದರೆ ಇನ್ನೊಂದು ಮಾತು. ಅಮ್ಮನ ಬಿಎಂಐ 22 ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ. ವಯಸ್ಸಾದಂತೆ ಕೈಕಾಲಿನ ಮಾಂಸಖಂಡ ಕರಗುತ್ತದೆ, ಹೊಟ್ಟೆ ಹಾಗೇ ಉಳಿಯುತ್ತದೆ, ತೂಕದಲ್ಲಿ ಏನೂ ಕಾಣಿಸದು. ಕುರ್ಚಿಯಿಂದ ಕೈ ಊರದೆ ಏಳುತ್ತಾರಾ ನೋಡಿ. ಕಾಲು ಬಾತಿದ್ದರೆ ತೂಕದಲ್ಲಿ ನೀರೂ ಸೇರಿರುತ್ತದೆ, ಹಾಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ. ಬಸುರಿಯರಿಗೆ, ಮಕ್ಕಳಿಗೆ ಈ ಮಿತಿಗಳು ಅನ್ವಯಿಸುವುದಿಲ್ಲ.

2025ರ ಜನವರಿಯಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರ ತಜ್ಞರ ಆಯೋಗವೂ ಬರೀ ಬಿಎಂಐ ನೋಡಿ ಬೊಜ್ಜು ಅಂತ ತೀರ್ಮಾನಿಸಬೇಡಿ, ಸೊಂಟದಂಥ ಇನ್ನೊಂದು ಅಳತೆಯೂ ಬೇಕು ಅಂತ ಹೇಳಿತು. ನಿಮ್ಮ ಸೊಂಟ 90ರ ಹತ್ತಿರ ಇದ್ದರೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮಾಡಿಸಿ. ಬಿಪಿ, ಶುಗರ್ ಪರೀಕ್ಷೆ 30 ವರ್ಷ ದಾಟಿದವರಿಗೆ ಪಿಎಚ್‌ಸಿಯಲ್ಲೇ ಉಚಿತ. ಮಂಡಿಯನ್ನೂ ಅದೇ ದಿನ ತೋರಿಸಿ, ಎಷ್ಟು ನಡೆಯಬಹುದು ಅಂತ ಕೇಳಿಕೊಂಡು ಬನ್ನಿ. ರಿಪೋರ್ಟನ್ನು ಗುಂಪಿನಲ್ಲಿ ಹಾಕಬೇಡಿ, ನನಗೆ ಫೋನ್ ಮಾಡಿ, ಕೂತು ನೋಡೋಣ.