ಖಾಲಿ ಮನೆಯನ್ನು ಒಂದೇ ತಿಂಗಳಲ್ಲಿ ತುಂಬಿಸಲೇಬೇಕಾ?

ಪ್ರಶ್ನೆ: ನನಗೆ 38 ವರ್ಷ. ಗಂಡ ನಡೆಸುತ್ತಿದ್ದ ಸಣ್ಣ ವ್ಯಾಪಾರ ಮುಳುಗಿತು. ಸಾಲ ತೀರಿಸಲು ಸ್ವಂತ ಮನೆ ಮಾರಿದೆವು, ಸಾಮಾನುಗಳನ್ನೂ ಒಂದೊಂದಾಗಿ ಮಾರಿದೆವು. 14 ತಿಂಗಳು ನನ್ನ ಅಕ್ಕನ ಮನೆಯಲ್ಲಿದ್ದೆವು. ಈಗ ಇಬ್ಬರಿಗೂ ಕೆಲಸ ಸಿಕ್ಕಿದೆ. ಎರಡು ಕೋಣೆಯ ಬಾಡಿಗೆ ಮನೆಗೆ ಬಂದು 10 ದಿನವಾಯಿತು. ಮುಂಗಡ ಕೊಟ್ಟ ಮೇಲೆ ಕೈಯಲ್ಲಿ ಉಳಿದಿರುವುದು ಒಂದೂವರೆ ತಿಂಗಳ ಖರ್ಚಿಗಾಗುವಷ್ಟು ಹಣ. ಹಳೆಯ ಸಾಲ ಇನ್ನೂ ಸ್ವಲ್ಪ ಬಾಕಿ ಇದೆ. ಗಂಡ ಮಾತ್ರ ಸೋಫಾ, ಮಂಚ, ಫ್ರಿಜ್, ವಾಷಿಂಗ್ ಮೆಷಿನ್, ಟಿವಿ ಎಲ್ಲವನ್ನೂ ಕಂತಿನಲ್ಲಿ ಒಂದೇ ಸಲ ತರೋಣ ಅನ್ನುತ್ತಾರೆ. ಅಕ್ಕ ತನ್ನ ಹಳೆಯ ಮಂಚ, ಬೀರು, ಫ್ರಿಜ್ ಕೊಡುತ್ತೇನೆ ಅಂದರೆ ಸಿಡುಕುತ್ತಾರೆ. ದಿನಾ ಇದೇ ಜಗಳ. 11 ವರ್ಷದ ಮಗಳು ಮೊನ್ನೆ, "ಈ ಮನೆಗೆ ಫ್ರೆಂಡ್ಸ್‌ನ ಕರೀಬಹುದಾ ಅಮ್ಮ?" ಅಂತ ಕೇಳಿದಳು. ನನಗೆ ಉತ್ತರ ಬರಲಿಲ್ಲ. ಅವಳು ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ನಾನು ಜಿಪುಣತನ ಮಾಡುತ್ತಿದ್ದೀನಾ?
— ಹೆಸರು ಬೇಡ

ಉತ್ತರ: ಇಲ್ಲಮ್ಮ, ಇದು ಜಿಪುಣತನ ಅಲ್ಲ. ಕೈಯಲ್ಲಿರುವ ಹಣ ಎಷ್ಟು ದಿನಕ್ಕೆ ಬರುತ್ತದೆ ಅಂತ ಲೆಕ್ಕ ಇಟ್ಟಿದ್ದೀರಲ್ಲ, ಅದು ಕಷ್ಟ ಕಂಡವರಿಗೆ ಬರುವ ಎಚ್ಚರ. ಆ ಒಂದೂವರೆ ತಿಂಗಳ ಹಣವೇ ಈಗ ನಿಮ್ಮ ಮನೆಯಲ್ಲಿರುವ ಅತಿ ಬೆಲೆಬಾಳುವ ಸಾಮಾನು. ಒಬ್ಬರ ಸಂಬಳ ತಡವಾದರೆ, ಮಗಳಿಗೆ ಜ್ವರ ಬಂದರೆ ನಿಮ್ಮನ್ನು ಕಾಯುವುದು ಅದೇ. ಅದಕ್ಕೆ ಕೈ ಹಾಕಬೇಡಿ.

ಆದರೆ ನಿಮ್ಮ ಪತ್ರ ಓದುವಾಗ ನನ್ನ ಮನಸ್ಸು ಹೆಚ್ಚು ಹೊತ್ತು ನಿಂತಿದ್ದು ನಿಮ್ಮ ಗಂಡನ ಹತ್ತಿರ. ಅವರು ಕೇಳುತ್ತಿರುವುದು ಸೋಫಾ ಅಂತ ನನಗೆ ಅನ್ನಿಸುತ್ತಿಲ್ಲ. ಮನೆ ಮಾರುವಾಗ ಸಹಿ ಹಾಕಿದ ಕೈ ಅದು. ಸಾಮಾನುಗಳು ಒಂದೊಂದಾಗಿ ಬಾಗಿಲು ದಾಟಿ ಹೋಗುವುದನ್ನು ನಿಂತು ನೋಡಿದವರು. ಆಮೇಲೆ 14 ತಿಂಗಳು ಹೆಂಡತಿಯ ಅಕ್ಕನ ಮನೆಯಲ್ಲಿ ಇದ್ದರು. ಅವರನ್ನು ಎಷ್ಟೇ ಪ್ರೀತಿಯಿಂದ ನೋಡಿಕೊಂಡಿರಲಿ, ಆ ಋಣ ಒಳಗೊಳಗೇ ಚುಚ್ಚುತ್ತಿರುತ್ತದೆ. ಅದೇ ಮನೆಯ ಮಂಚ ಹೊಸ ಮನೆಗೂ ಬಂದರೆ ಆ 14 ತಿಂಗಳು ಮುಗಿಯಲೇ ಇಲ್ಲ ಅಂತ ಅವರಿಗೆ ಅನ್ನಿಸುತ್ತಿರಬಹುದು. ಎಲ್ಲ ಒಂದೇ ಸಲ ತಂದು ಜೋಡಿಸಿಬಿಟ್ಟರೆ ಆಗಿದ್ದೆಲ್ಲ ಅಳಿಸಿಹೋಗುತ್ತದೆ ಅನ್ನುವ ಆಸೆ. ಪಾಪ, ಅದು ಅರ್ಥವಾಗುವ ಆಸೆಯೇ.

ಹಾಗಾಗಿ ಲೆಕ್ಕದ ಪುಸ್ತಕ ಹಿಡಿದು ಮಾತು ಶುರು ಮಾಡಬೇಡಿ. ಮಗಳು ಮಲಗಿದ ಮೇಲೆ ಒಂದು ದಿನ ಸುಮ್ನೆ ಕೇಳಿ: "ಮಾರಿದ್ದರಲ್ಲಿ ಯಾವುದು ಹೋದಾಗ ನಿಮಗೆ ತುಂಬಾ ನೋವಾಯಿತು?" ಕೇಳಿದ ಮೇಲೆ ಅವರು ಮಾತಾಡಲಿ. ಮಧ್ಯೆ ಸಮಾಧಾನ ಹೇಳಬೇಡಿ, ಬುದ್ಧಿ ಹೇಳಬೇಡಿ. ಅವರು ಹೇಳುವ ವಸ್ತು ಸೋಫಾ ಆಗಿರದೇ ಇರಬಹುದು. ಒಂದು ರೇಡಿಯೋ ಇರಬಹುದು, ಕೂತು ಪೇಪರ್ ಓದುತ್ತಿದ್ದ ಕುರ್ಚಿ ಇರಬಹುದು. ಅಂಥದ್ದು ಒಂದಿದ್ದರೆ ಪಟ್ಟಿಯಲ್ಲಿ ಅದನ್ನು ಮೇಲಕ್ಕೆ ತನ್ನಿ. ಎರಡು ತಿಂಗಳು ಉಳಿಸಿ, ನಗದು ಕೊಟ್ಟು, ಅವರೇ ಹೋಗಿ ಆರಿಸಿ ತರಲಿ. ಇದನ್ನು ದಂಡದ ಖರ್ಚು ಅಂತ ನಾನು ಅನ್ನುವುದಿಲ್ಲ.

ಕಂತಿನ ಮಾತು ಅದಾದ ಮೇಲೆ, ಬೇರೆ ದಿನ. ಅವರು ವ್ಯಾಪಾರ ಮಾಡಿದವರು, ಲೆಕ್ಕ ಅವರಿಗೇ ಚೆನ್ನಾಗಿ ಅರ್ಥವಾಗುತ್ತದೆ. ಕೆಲವು ಕಡೆ ಕಂತಿನ ಬಡ್ಡಿಯನ್ನು ಪೂರ್ತಿ ಸಾಲದ ಮೇಲೆ ಕೊನೆಯವರೆಗೂ ಹಾಕುತ್ತಾರೆ. ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಬರುತ್ತೀರಿ, ಅಂದರೆ ವರ್ಷದ ಲೆಕ್ಕದಲ್ಲಿ ಸರಾಸರಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಲ ಮಾತ್ರ ನಿಮ್ಮ ಮೇಲಿರುತ್ತದೆ. ಬಡ್ಡಿ ಮಾತ್ರ ಪೂರ್ತಿಯ ಮೇಲೆ. ಹೀಗಾಗಿ 12 ತಿಂಗಳ ಕಂತಿಗೆ ಶೇಕಡಾ 12 ಅಂತ ಬರೆದಿದ್ದರೂ ನಿಜವಾದ ಬಡ್ಡಿ ಶೇಕಡಾ 20 ದಾಟಿರುತ್ತದೆ. ಬಡ್ಡಿಯೇ ಇಲ್ಲ ಅನ್ನುವ ಕಡೆ ಎರಡು ವಿಷಯ ಕೇಳಿ. ಪ್ರೊಸೆಸಿಂಗ್ ಶುಲ್ಕ ಎಷ್ಟು? ಇದೇ ವಸ್ತುವನ್ನು ನಗದು ಕೊಟ್ಟು ಕೊಂಡರೆ ಎಷ್ಟು ಬಿಡುತ್ತೀರಿ? ಬಡ್ಡಿ ಎಷ್ಟೋ ಸಲ ಅಲ್ಲಿ ಅಡಗಿರುತ್ತದೆ. ಮೇಲಾಗಿ ಹಳೆಯ ಸಾಲ ಇನ್ನೂ ಉಸಿರಾಡುತ್ತಿದೆ. ಅದರ ಪಕ್ಕದಲ್ಲಿ ಐದು ಹೊಸ ಕಂತು ಕೂರಿಸಿದರೆ ತಿಂಗಳ ಮೊದಲ ವಾರವೇ ನಿಮಗೆ ಹೆದರಿಕೆ ಶುರುವಾಗುತ್ತದೆ. ಆ ಹೆದರಿಕೆಯಿಂದ ಹೊರಗೆ ಬರಲು ಎಷ್ಟು ಪಾಡು ಪಟ್ಟಿದ್ದೀರಿ, ಅಲ್ವಾ?

ಹಾಗಂತ ನಿಮ್ಮ ಗಂಡ ಹೇಳುವುದೆಲ್ಲ ತಪ್ಪಲ್ಲ. ವಾಷಿಂಗ್ ಮೆಷಿನ್ ವಿಷಯದಲ್ಲಿ ನಾನು ಅವರ ಕಡೆ. ನೀವಿಬ್ಬರೂ ಕೆಲಸಕ್ಕೆ ಹೋಗುತ್ತೀರಿ. ಬಟ್ಟೆ ಒಗೆಯುವುದು ಕೊನೆಗೆ ಯಾರ ಪಾಲಿಗೆ ಬರುತ್ತದೆ? ಹಣ ಉಳಿಸುತ್ತೇನೆ ಅಂತ ನಿಮ್ಮ ಬೆನ್ನನ್ನು ಸವೆಸಬೇಡಿ. ಹೆಣ್ಣುಮಕ್ಕಳು ಮನೆ ಹೂಡುವಾಗ ತಮ್ಮ ದಣಿವಿಗೆ ಬೆಲೆಯೇ ಕಟ್ಟುವುದಿಲ್ಲ, ಇದು ನನಗೆ ಬೇಸರ ತರಿಸುವ ಸಂಗತಿ. ಮೆಷಿನ್ ಬರುವವರೆಗೆ ಒಗೆಯುವ ಕೆಲಸ ಇಬ್ಬರಿಗೂ ಹಂಚಿಕೆಯಾಗಲಿ. ದೊಡ್ಡ ಸಾಮಾನುಗಳಲ್ಲಿ ಫ್ರಿಜ್ ಮತ್ತು ಮೆಷಿನ್ ಮೊದಲು, ಟಿವಿ ಮತ್ತು ಸೋಫಾ ಎಲ್ಲಕ್ಕಿಂತ ಕೊನೆಗೆ.

ಅದಕ್ಕೂ ಮೊದಲು ಆಗಬೇಕಾದ ಸಣ್ಣ ಕೆಲಸಗಳಿವೆ. ಬೀಗ ಬದಲಾಯಿಸಿ. ಹಿಂದೆ ಇದ್ದವರ ಹತ್ತಿರ ಇನ್ನೊಂದು ಕೀ ಇದ್ದರೂ ನಿಮಗೆ ಗೊತ್ತಾಗುವುದಿಲ್ಲ. ಗೋಡೆಯ ಬಿರುಕು, ತೇವದ ಕಲೆ, ಒಡೆದ ಟೈಲ್, ಮೀಟರಿನ ಅಂಕಿ, ಎಲ್ಲದರ ಫೋಟೋ ತೆಗೆದು ಮನೆ ಮಾಲೀಕರಿಗೆ ಕಳಿಸಿಬಿಡಿ. 10 ದಿನವಷ್ಟೇ ಆಗಿದೆ, ಈಗಲೂ ತಡವಾಗಿಲ್ಲ. ಮನೆ ಬಿಡುವ ದಿನ ನಿಮ್ಮ ಮುಂಗಡ ಉಳಿಸುವುದು ಆ ಫೋಟೋಗಳೇ. ನನ್ನ ಮೊದಲ ಬಾಡಿಗೆ ಮನೆಯಲ್ಲಿ ನಾನಿದನ್ನು ಮಾಡಿರಲಿಲ್ಲ. ಬರುವಾಗಲೇ ಇದ್ದ ಕಲೆಗೆ ನನ್ನ ಮುಂಗಡ ಮುರಿದುಕೊಂಡರು, ತೋರಿಸಲು ನನ್ನ ಹತ್ತಿರ ಏನೂ ಇರಲಿಲ್ಲ. ಹಾಗೆಯೇ, ಮನೆಯಲ್ಲಿ ಹಳೆಯ ಬುರುಡೆ ಬಲ್ಬ್ ಇದ್ದರೆ ತೆಗೆದುಹಾಕಿ. 60 ವ್ಯಾಟಿನ ಆ ಬಲ್ಬ್ ಕೊಡುವಷ್ಟೇ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ದಿನಕ್ಕೆ 5 ಗಂಟೆ ಉರಿಸಿದರೆ ತಿಂಗಳಿಗೆ ಹಳೆಯ ಬಲ್ಬ್ 9 ಯೂನಿಟ್ ತಿನ್ನುತ್ತದೆ, ಎಲ್‌ಇಡಿ ಒಂದೂವರೆ ಯೂನಿಟ್ ಕೂಡ ತಿನ್ನುವುದಿಲ್ಲ.

ಆಮೇಲೆ ನಿದ್ದೆ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅನ್ನುತ್ತಾರೆ, ಆದರೆ ಹಾಸಿಗೆಯೇ ಇಲ್ಲದವರು ಮೊದಲು ಹಾಸಿಗೆ ತರಬೇಕು. ಮೂವರಿಗೂ ಒಳ್ಳೆಯ ಹಾಸಿಗೆ, ದಿಂಬು. ಇವನ್ನು ಮಾತ್ರ ಹೊಸದಾಗಿಯೇ ಕೊಳ್ಳಿ. ಮಂಚ ತಡವಾದರೂ ಪರವಾಗಿಲ್ಲ. ನೆಲದ ಮೇಲೆ ಹಾಸುವುದಾದರೆ ಬೆಳಿಗ್ಗೆ ಹಾಸಿಗೆಯನ್ನು ಎತ್ತಿ ಗೋಡೆಗೆ ಒರಗಿಸಿ, ಇಲ್ಲದಿದ್ದರೆ ಅಡಿಯಲ್ಲಿ ತೇವ ಕೂತು ಬೂಷ್ಟು ಹಿಡಿಯುತ್ತದೆ. ನಿದ್ದೆ ಸರಿಯಾದರೆ ಜಗಳ ಅರ್ಧ ಕಮ್ಮಿಯಾಗುತ್ತದೆ, ಇದು ನನ್ನ ಅನುಭವದ ಮಾತು.

ಉಳಿದಿದ್ದಕ್ಕೆ ಒಂದು ತಿಂಗಳು ತಡೆಯಿರಿ. ಅಡುಗೆಮನೆ ಬಾಗಿಲಿಗೆ ಒಂದು ಹಾಳೆ ಅಂಟಿಸಿ. "ಅಯ್ಯೋ, ಇದೊಂದು ಇದ್ದಿದ್ದರೆ" ಅಂತ ಯಾರಿಗೆ ಅನ್ನಿಸಿದರೂ ಆ ವಸ್ತುವಿನ ಹೆಸರು ಬರೆಯಲಿ. ಮತ್ತೆ ಅನ್ನಿಸಿದರೆ ಪಕ್ಕದಲ್ಲಿ ಒಂದು ಗೆರೆ ಎಳೆಯಲಿ. ಮೂವರೂ ಬರೆಯಬೇಕು, ಮಗಳೂ ಕೂಡ. ತಿಂಗಳ ಕೊನೆಗೆ ಗೆರೆ ಎಣಿಸಿ. ನಾನು ನೋಡಿದ ಮನೆಗಳಲ್ಲಿ ಜಾಸ್ತಿ ಗೆರೆ ಬೀಳುವುದು ಬಟ್ಟೆ ನೇತುಹಾಕುವ ಗೂಟಕ್ಕೆ, ಒಂದು ಸ್ಟೂಲಿಗೆ, ಬಾಗಿಲ ಬಳಿ ಚಪ್ಪಲಿ ಇಡುವ ಜಾಗಕ್ಕೆ. ಇವೆಲ್ಲ ಕಡಿಮೆ ದುಡ್ಡಿನವು. ಒಂದೂ ಗೆರೆ ಬೀಳದ ದೊಡ್ಡ ಸಾಮಾನು ಸದ್ಯಕ್ಕೆ ಬೇಡ ಅಂತಲೇ ಅರ್ಥ. ಇದರಿಂದ ಇನ್ನೊಂದು ಉಪಕಾರವಿದೆ. ಯಾವುದು ಬೇಕು, ಯಾವುದು ಬೇಡ ಅಂತ ನೀವು ಗಂಡನಿಗೆ ಹೇಳಬೇಕಾಗುವುದಿಲ್ಲ, ಹಾಳೆಯೇ ಹೇಳುತ್ತದೆ.

ಇನ್ನು ಅಕ್ಕ ಕೊಡುವ ಸಾಮಾನು. ಅದನ್ನು ಋಣವಾಗಿ ತರಬೇಡಿ. "ಫ್ರಿಜ್ ನಮಗೆ ಬೇಕು, ಇಷ್ಟು ಹಣ ತಿಂಗಳಿಗೆ ಸ್ವಲ್ಪ ಸ್ವಲ್ಪವಾಗಿ ಕೊಡುತ್ತೇವೆ" ಅಂತ ನಿಮ್ಮ ಗಂಡನೇ ಅಕ್ಕನಿಗೆ ಹೇಳಲಿ. ಅಕ್ಕ ಬೇಡ ಅನ್ನಬಹುದು. ಅವರಿಗೆ ಒಂದು ಮಾತು ಮೊದಲೇ ಹೇಳಿಟ್ಟಿರಿ: "ದಯವಿಟ್ಟು ತಗೋ, ಅವರಿಗಾಗಿ." ಎಷ್ಟು ಕಡಿಮೆಯಾದರೂ ಸರಿ, ಬೆಲೆ ಕೊಟ್ಟು ತಂದ ವಸ್ತು ತಮ್ಮದಾಗುತ್ತದೆ. ಮಂಚವೋ ಬೀರುವೋ ಬಂದರೆ ಅವರೇ ಮರಳು ಕಾಗದ ಉಜ್ಜಿ ಬಣ್ಣ ಬಳಿಯಲಿ. ಬೇಕಿದ್ದರೆ ಮಗಳು ಬಣ್ಣ ಆರಿಸಲಿ. ಒಂದು ಭಾನುವಾರ ಕೈಗೆ ಬಣ್ಣ ಮೆತ್ತಿಕೊಂಡ ಮೇಲೆ ಅದು ಅಕ್ಕನ ಮನೆಯ ಮಂಚವಾಗಿ ಉಳಿಯುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಅವರು ಮಂಚ ಬೇಡ ಅಂದರೆ, ಬಿಟ್ಟುಬಿಡಿ. ಫ್ರಿಜ್ ಒಂದು ಸಾಕು. ಒಂದು ಮಂಚಕ್ಕಾಗಿ ಅವರ ಮನಸ್ಸನ್ನು ಮುರಿಯುವುದು ಬೇಡ.

ಅಕ್ಕನದ್ದಿರಲಿ, ಬೇರೆಯವರದ್ದಿರಲಿ, ಹಳೆಯ ಸಾಮಾನು ತರುವಾಗ ನೋಡಿ ತನ್ನಿ. ಫ್ರಿಜ್ ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದುಬಿಟ್ಟರೆ ರಬ್ಬರ್ ಸಡಿಲವಾಗಿದೆ, ಕರೆಂಟ್ ಜಾಸ್ತಿ ಎಳೆಯುತ್ತದೆ. ರಬ್ಬರ್ ಮಾತ್ರ ಬದಲಾಯಿಸಬಹುದು. ಫ್ರಿಜ್ ಅನ್ನು ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ. ಮಲಗಿಸಿ ತಂದಿದ್ದರೆ ಒಂದು ದಿನ ನೆಟ್ಟಗೆ ನಿಲ್ಲಿಸಿ, ಆಮೇಲೆ ಸ್ವಿಚ್ ಹಾಕಿ. ಮರದ ಮಂಚದ ಸಂದು, ಮೊಳೆಯ ತೂತುಗಳಲ್ಲಿ ಟಾರ್ಚ್ ಬಿಟ್ಟು ನೋಡಿ. ಸಣ್ಣ ಕಪ್ಪು ಚುಕ್ಕಿಗಳಿದ್ದರೆ ತಿಗಣೆ ಇರಬಹುದು. ಊಟವಿಲ್ಲದೆ ತಿಂಗಳುಗಟ್ಟಲೆ ಬದುಕುವ ಹುಳು ಅದು, ಖಾಲಿ ಬಿದ್ದಿದ್ದ ಮಂಚ ಅಂತ ನಂಬಬೇಡಿ. ಬೇರೆಯವರ ಹಾಸಿಗೆ, ಕುಷನ್ ಪುಕ್ಕಟೆ ಸಿಕ್ಕರೂ ಬೇಡ ಅನ್ನುವುದು ಇದಕ್ಕೇ. ಎತ್ತರದ ಬೀರು ತಂದರೆ ಗೋಡೆಗೆ ಭದ್ರವಾಗಿ ಕಟ್ಟಿಸಿ, ಮಕ್ಕಳು ಬಾಗಿಲಿಗೆ ಜೋತು ಬಿದ್ದರೆ ಮುಗುಚುತ್ತದೆ. ಹಳೆಯ ಪ್ರೆಶರ್ ಕುಕ್ಕರ್ ಆದರೆ ಗ್ಯಾಸ್ಕೆಟ್ ಮತ್ತು ಸೇಫ್ಟಿ ವಾಲ್ವ್ ಹೊಸದು ಹಾಕಿಸದೆ ಒಲೆಗೆ ಇಡಬೇಡಿ. ಗ್ಯಾಸ್ ಪೈಪ್ ಹಳೆಯದು ಬೇಡವೇ ಬೇಡ.

ಮಗಳ ಪ್ರಶ್ನೆಗೆ ಬರುತ್ತೇನೆ. ಅವಳು ಗೆಳತಿಯರನ್ನು ಕರೆಯಬಹುದಾ ಅಂತ ಕೇಳಿದಾಗ ನಿಮಗೆ ಖಾಲಿ ಗೋಡೆ ಕಾಣಿಸಿತು. ಅವಳಿಗೆ ಏನು ಕಾಣಿಸಿತು ಅಂತ ನೀವು ಕೇಳಿದಿರಾ? 14 ತಿಂಗಳು ಅವಳು ಬೇರೆಯವರ ಮನೆಯಲ್ಲಿದ್ದಳು. ಅಲ್ಲಿ ಗೆಳತಿಯರನ್ನು ಕರೆಯಲು ದೊಡ್ಡಮ್ಮನ ಒಪ್ಪಿಗೆ ಬೇಕಿತ್ತು. ಈಗ ನಿಮ್ಮನ್ನು ಕೇಳುತ್ತಿದ್ದಾಳೆ, ಅಂದರೆ ಇದು ನಮ್ಮ ಮನೆ ಅಂತ ಅವಳಿಗೆ ಆಗಲೇ ಅನ್ನಿಸಿದೆ. ನಾಚಿಕೆಯಿಂದ ಕೇಳಿರಬಹುದು ಅನ್ನುವುದೂ ಸಾಧ್ಯ. ಹಾಗಿದ್ದರೆ ಸುಳ್ಳು ಹೇಳಬೇಡಿ, "ಎಲ್ಲ ಬೇಗ ಬರುತ್ತೆ" ಅಂತ ಮಾತು ಕೊಡಬೇಡಿ. ನಿಧಾನವಾಗಿ ಒಂದೊಂದೇ ತರುತ್ತೇವೆ, ಯಾವುದು ಮೊದಲು ಅಂತ ನೀನೂ ಹೇಳು ಅನ್ನಿ. 11 ವರ್ಷದ ಮಗುವಿಗೆ ನಿಜ ಅರ್ಥವಾಗುತ್ತದೆ. ಅಪ್ಪ ಅಮ್ಮ ಗುಟ್ಟಾಗಿ ಜಗಳ ಆಡುವುದೇ ಅದಕ್ಕೆ ಭಯ.

ಕಿಟಕಿ ಪಕ್ಕ ಅವಳಿಗೆ ಒಂದು ಮೂಲೆ ಕೊಡಿ. ಒಂದು ಶೆಲ್ಫ್, ಒಂದು ದೀಪ, ಗೋಡೆಗೆ ಅವಳಿಗೆ ಬೇಕಾದ ಚಿತ್ರ. ಅಲ್ಲಿಯ ಸಾಮಾನನ್ನು ಬೇರೆ ಯಾರೂ ಮುಟ್ಟುವಂತಿಲ್ಲ ಅಂತ ಮೂವರೂ ಒಪ್ಪಿಕೊಳ್ಳಿ. ಬೇರೆಯವರ ಮನೆಯಲ್ಲಿ ಬೆಳೆದ ಮಗುವಿಗೆ ಆ ಮಾತು ಸೋಫಾಗಿಂತ ದೊಡ್ಡದು.

ಇವತ್ತು ಸಂಜೆ ಅವಳು ಬಂದಾಗ, ಮೊನ್ನೆ ಕೊಡದೆ ಬಿಟ್ಟ ಉತ್ತರ ಕೊಟ್ಟುಬಿಡಿ. ಈ ಭಾನುವಾರವೇ ಕರೆಯಲಿ. ಸಾಮಾನಿಲ್ಲದ ಹಾಲ್‌ನಲ್ಲಿ ಎರಡು ಬೆಡ್‌ಶೀಟ್ ಹಾಸಿದರೆ ಐದಾರು ಹುಡುಗಿಯರು ಆರಾಮವಾಗಿ ಕೂರುತ್ತಾರೆ, ಆಟಕ್ಕೂ ಜಾಗ ಉಳಿಯುತ್ತದೆ. ಆ ಹೊತ್ತಿಗೆ ಗಂಡನನ್ನೂ ಮನೆಯಲ್ಲೇ ಇರಲು ಹೇಳಿ. ಮಗಳ ನಗುವನ್ನು ಅವರೂ ಕೇಳಲಿ.