ವೈವಿಧ್ಯ ಸಾಕು, ಬೆನ್ನುಹತ್ತಿದ ಸುದ್ದಿ ಎಲ್ಲಿದೆ?

ಪ್ರಶ್ನೆ: ನಾನು ಪತ್ರಿಕೋದ್ಯಮ ಸ್ನಾತಕೋತ್ತರ ವಿದ್ಯಾರ್ಥಿನಿ. ಮೊದಲು ನಮ್ಮ ವಿಭಾಗದ ಪ್ರಾಯೋಗಿಕ ಪತ್ರಿಕೆಗೆ ಬರೆಯುತ್ತಿದ್ದೆ, ಈಗ ಒಂದು ದಿನಪತ್ರಿಕೆಗೂ ಹವ್ಯಾಸಿಯಾಗಿ ಬರೆಯುತ್ತಿದ್ದೇನೆ. ಸ್ಥಳೀಯ ಆಡಳಿತದ ಸಭೆ, ಕ್ರೀಡಾಕೂಟ, ನಾಟಕ ವಿಮರ್ಶೆ, ವಿಜ್ಞಾನಿಯೊಬ್ಬರ ಸಂದರ್ಶನ, ಬಸ್ ನಿಲುಗಡೆಯ ಸಮಸ್ಯೆ, ನಿವೃತ್ತ ಶಿಕ್ಷಕರೊಬ್ಬರ ನಿಧನವಾರ್ತೆ ಹೀಗೆ ಎಲ್ಲ ಬಗೆಯ ಬರಹಗಳೂ ನನ್ನ ಹೆಸರಿನಲ್ಲಿ ಪ್ರಕಟವಾಗಿವೆ. ಹಿರಿಯ ವರದಿಗಾರರೊಬ್ಬರು ಇವನ್ನು ನೋಡಿ, ‘ಎಲ್ಲದಕ್ಕೂ ಕೈಹಾಕಿದ್ದೀಯ, ಯಾವುದೂ ನಿನ್ನದಾಗಿಲ್ಲ’ ಎಂದರು. ಈಗಲೇ ಒಂದು ಕ್ಷೇತ್ರವನ್ನು ಆರಿಸಿಕೊಳ್ಳಬೇಕೇ? ಕೆಲಸಕ್ಕೆ ಅರ್ಜಿ ಹಾಕಿದಾಗ ಸಂಪಾದಕರು ಇಂಥ ಬರಹಗಳಲ್ಲಿ ಏನನ್ನು ಗಮನಿಸುತ್ತಾರೆ?

ಉತ್ತರ: ಓದುವ ಕಾಲದ ಬರಹಗಳು ನಾನಾ ಬಗೆಯವಾಗಿರುವುದು ದೋಷವಲ್ಲ. ಯಾವ ಸುದ್ದಿಮನೆಯೂ ಹೊಸಬರಿಗೆ ಅವರು ಬಯಸಿದ ಬೀಟನ್ನು, ಅಂದರೆ ಕಾಯಂ ವರದಿ ಮಾಡುವ ಕ್ಷೇತ್ರವನ್ನು, ಮೊದಲ ದಿನವೇ ಕೊಡುವುದಿಲ್ಲ. ಬೆಳಿಗ್ಗೆ ಪತ್ರಿಕಾಗೋಷ್ಠಿ, ಮಧ್ಯಾಹ್ನ ಅಪಘಾತ, ಸಂಜೆ ಪುಸ್ತಕ ಬಿಡುಗಡೆ ಎಂದು ಓಡಿಸುತ್ತದೆ. ಆ ಓಟಕ್ಕೆ ನೀವು ಆಗಲೇ ಒಗ್ಗಿಕೊಂಡಿದ್ದೀರಿ ಎಂಬುದು ನಿಮ್ಮ ಪಟ್ಟಿಯಿಂದ ತಿಳಿಯುತ್ತದೆ. ಹಾಗೆಂದು ನಿಮ್ಮ ಹಿರಿಯರ ಮಾತನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಕ್ಷೇತ್ರಗಳು ಹೆಚ್ಚಾದವು ಎಂಬುದು ನನ್ನ ಆಕ್ಷೇಪವಲ್ಲ. ಈ ಪಟ್ಟಿಯಲ್ಲಿ ಒಂದೇ ವಿಷಯದ ಮೇಲೆ ಬರೆದ ಎರಡನೆಯ ವರದಿ ಒಂದೂ ಇಲ್ಲ. ಬಸ್ ನಿಲುಗಡೆಯ ಸಮಸ್ಯೆ ಅಚ್ಚಾದ ಮೇಲೆ ಏನಾಯಿತು? ಅಧಿಕಾರಿಗಳು ಕೊಟ್ಟ ಭರವಸೆಯ ಗಡುವು ಮುಗಿದ ದಿನ ನೀವು ಅಲ್ಲಿಗೆ ಹೋಗಿ ನೋಡಿದಿರಾ? ಮೊದಲ ವರದಿಯನ್ನು ಯಾರು ಬೇಕಾದರೂ ಬರೆದಾರು, ಆದರೆ ಎರಡನೆಯದನ್ನು ಬರೆಯಬೇಕಾದರೆ ಮೊದಲನೆಯದನ್ನು ನೆನಪಿಟ್ಟುಕೊಂಡಿರಬೇಕು.

ಚಿಕ್ಕಪುಟ್ಟ ವರದಿಗಳ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ವಿದ್ಯಾರ್ಥಿಗಳು ಅವನ್ನು ಕಷ್ಟಪಟ್ಟು ಸಹಿಸಿಕೊಳ್ಳುತ್ತಾರೆಯೇ ಹೊರತು ಅವುಗಳಿಂದ ಕಲಿಯುವುದು ಕಡಿಮೆ. ಆಡಳಿತ ಸಭೆಯನ್ನೇ ತೆಗೆದುಕೊಳ್ಳಿ. ಗದ್ದಲ, ಸಭಾತ್ಯಾಗ, ಏರುದನಿಯ ಮಾತು ಎಲ್ಲರ ಕಾಪಿಯಲ್ಲೂ, ಅಂದರೆ ವರದಿಗಾರರು ಬರೆದು ಕಳಿಸುವ ಸುದ್ದಿಯಲ್ಲೂ, ಇರುತ್ತದೆ. ಆದರೆ ಕಾರ್ಯಸೂಚಿಯ ಕೊನೆಯ ಪುಟದಲ್ಲಿ, ಯಾರೂ ಚರ್ಚಿಸದೆ ಒಪ್ಪಿಬಿಡುವ ‘ಹೆಚ್ಚುವರಿ ವೆಚ್ಚಕ್ಕೆ ಘಟನೋತ್ತರ ಮಂಜೂರಾತಿ’ ಎಂಬ ಒಂದು ಸಾಲು ಇದ್ದರೆ, ಕೆಲಸ ಮುಗಿದು ಹಣವೂ ಖರ್ಚಾದ ಮೇಲೆ ಒಪ್ಪಿಗೆ ಪಡೆಯಲಾಗುತ್ತಿದೆ ಎಂದು ಅದರ ಅರ್ಥ. ಯಾವ ಕೆಲಸ, ಮೊದಲ ಅಂದಾಜು ಎಷ್ಟು, ಹೆಚ್ಚಿದ್ದು ಏಕೆ ಎಂದು ಕೇಳಿದರೆ ಮುಂದಿನ ವಾರದ ಸುದ್ದಿ ಅಲ್ಲಿಯೇ ಸಿಗುತ್ತದೆ. ಭಾಷಣ ಮುಗಿಯುತ್ತಲೇ ಎದ್ದು ಹೋದವರಿಗೆ ಆ ಪುಟ ಕಾಣುವುದೇ ಇಲ್ಲ.

ನಿಧನವಾರ್ತೆಯೂ ಹಾಗೆಯೇ. ನನ್ನ ಮಟ್ಟಿಗೆ ಹೊಸ ವರದಿಗಾರರ ನಿಜವಾದ ಪರೀಕ್ಷೆ ಅದೇ. ಹೆಸರಿನ ಇನಿಷಿಯಲ್, ವಯಸ್ಸು, ಮಕ್ಕಳ ಸಂಖ್ಯೆ, ಕೆಲಸ ಮಾಡಿದ ಶಾಲೆ ಇವುಗಳಲ್ಲಿ ಒಂದು ತಪ್ಪಿದರೂ ಅದನ್ನು ಕತ್ತರಿಸಿಟ್ಟುಕೊಳ್ಳುವ ಮನೆಯವರ ಪಾಲಿಗೆ ಆ ತಪ್ಪು ಶಾಶ್ವತ. ದುಃಖದಲ್ಲಿರುವವರಿಗೆ ಫೋನು ಮಾಡಿ, ಅಕ್ಷರ ಅಕ್ಷರವಾಗಿ ಹೆಸರು ಕೇಳಿ ಬರೆದುಕೊಂಡು, ಮತ್ತೆ ಓದಿ ಹೇಳಿ ಖಚಿತಪಡಿಸಿಕೊಂಡ ವಿದ್ಯಾರ್ಥಿಗೆ ಮುಂದೆ ಮಂತ್ರಿಗಳನ್ನು ಪ್ರಶ್ನಿಸುವುದು ಅಷ್ಟೇನೂ ಕಠಿಣವೆನಿಸದು. ಕ್ರೀಡಾ ವರದಿಯಿಂದ ಗಡಿಯಾರ ನೋಡಿಕೊಂಡು ಬರೆಯುವ ಅಭ್ಯಾಸ ಬರುತ್ತದೆ. ವಿಮರ್ಶೆ ಬರೆದವರಿಗೆ ಅಭಿಪ್ರಾಯಕ್ಕೆ ಆಧಾರ ಕೊಡುವುದು ರೂಢಿಯಾಗುತ್ತದೆ.

ವೈವಿಧ್ಯ ಮತ್ತು ಬೆನ್ನುಹತ್ತುವಿಕೆ ಎರಡೂ ಒಬ್ಬರಲ್ಲೇ ಸೇರಬಹುದು ಎಂಬುದಕ್ಕೆ ಕೊಲಂಬಿಯಾದ ಗೇಬ್ರಿಯಲ್ ಗಾರ್ಸಿಯಾ ಮಾರ್ಕೆಸ್ ಅವರ ಆರಂಭದ ವರ್ಷಗಳನ್ನು ನೋಡಬಹುದು. ಕಾದಂಬರಿಕಾರರೆಂದು ಹೆಸರಾಗುವುದಕ್ಕೆ ಬಹಳ ಮೊದಲು, 1948ರಲ್ಲಿ, ಕಾನೂನು ವಿದ್ಯಾರ್ಥಿಯಾಗಿದ್ದಾಗಲೇ ಅವರು ಕಾರ್ತಹೇನಾದ ‘ಎಲ್ ಯೂನಿವರ್ಸಲ್’ ಪತ್ರಿಕೆಗೆ ಬರೆಯತೊಡಗಿದರು. ಆಮೇಲೆ ಬಾರಾಂಕೀಯಾದ ‘ಎಲ್ ಹೆರಾಲ್ದೊ’ದಲ್ಲಿ ಅಂಕಣ ಬರೆದರು, ಬೊಗೋಟಾದ ‘ಎಲ್ ಎಸ್ಪೆಕ್ತದೋರ್’ನಲ್ಲಿ ಸಿನಿಮಾ ವಿಮರ್ಶೆಯನ್ನೂ ವರದಿಗಳನ್ನೂ ಬರೆದರು. 1955ರ ಫೆಬ್ರವರಿಯಲ್ಲಿ ಕೊಲಂಬಿಯಾ ನೌಕಾಪಡೆಯ ‘ಕಾಲ್ದಾಸ್’ ಹಡಗಿನಿಂದ ಎಂಟು ನಾವಿಕರು ಸಮುದ್ರಕ್ಕೆ ಬಿದ್ದರು. ಅವರಲ್ಲಿ ಒಬ್ಬ ಮಾತ್ರ ತೆಪ್ಪದ ಮೇಲೆ ಹತ್ತು ದಿನ ಕಳೆದು ಜೀವಸಹಿತ ದಡ ಸೇರಿದ. ಆತ ತನ್ನ ಕಥೆ ಹೇಳಲು ಪತ್ರಿಕೆಯ ಕಚೇರಿಗೆ ಬರುವಷ್ಟರಲ್ಲಿ ಎಲ್ಲರೂ ಅದನ್ನು ಕೇಳಿಯಾಗಿತ್ತು, ಸುದ್ದಿ ಹಳಸಿತ್ತು. ಮಾರ್ಕೆಸ್ ಮಾತ್ರ ಆತನೊಡನೆ ದಿನಗಟ್ಟಲೆ ಕುಳಿತು, ಹೇಳಿದ್ದನ್ನೇ ತಿರುಗಿಸಿ ಕೇಳಿ, ಮಾತಿಗೆ ಮಾತು ಹೊಂದುತ್ತದೆಯೇ ಎಂದು ನೋಡುತ್ತ ಹೋದರು. ಬಿರುಗಾಳಿಯನ್ನು ವಿವರಿಸು ಎಂದಾಗ, ಬಿರುಗಾಳಿಯೇ ಇರಲಿಲ್ಲ ಎಂಬ ಉತ್ತರ ಬಂತು. ಹಡಗಿನ ಅಟ್ಟದ ಮೇಲೆ ಅಕ್ರಮವಾಗಿ ಸಾಗಿಸುತ್ತಿದ್ದ ಗೃಹೋಪಯೋಗಿ ಯಂತ್ರಗಳ ಪೆಟ್ಟಿಗೆಗಳು ಹೊಯ್ದಾಟದಲ್ಲಿ ಕಿತ್ತುಬಂದು, ಅವುಗಳ ಜೊತೆಗೆ ನಾವಿಕರೂ ನೀರುಪಾಲಾಗಿದ್ದರು. ಈ ಕಥೆ 14 ಕಂತುಗಳಲ್ಲಿ ಪ್ರಕಟವಾಯಿತು. ಸರ್ಕಾರ ಅಲ್ಲಗಳೆದಾಗ ಪತ್ರಿಕೆ ಸುಮ್ಮನಾಗಲಿಲ್ಲ. ಅದೇ ಹಡಗಿನ ಇತರ ನಾವಿಕರು ತೆಗೆದಿದ್ದ ಫೋಟೋಗಳನ್ನು ಹುಡುಕಿ ತಂದು, ಹಿನ್ನೆಲೆಯಲ್ಲಿ ಆ ಪೆಟ್ಟಿಗೆಗಳು ಕಾಣುವಂತೆ ವಿಶೇಷ ಪುರವಣಿಯಲ್ಲಿ ಅಚ್ಚುಹಾಕಿತು. ಎಲ್ಲರೂ ಬಿಟ್ಟ ಸುದ್ದಿಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ಉಳಿದಿತ್ತು, ಅಷ್ಟೇ.

ಈಚಿನ ಉದಾಹರಣೆ ಬೇಕೆಂದರೆ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ ‘ದಿ ಸ್ಟ್ಯಾನ್‌ಫರ್ಡ್ ಡೈಲಿ’ಯಲ್ಲಿ 2022ರ ನವೆಂಬರ್‌ನಿಂದ ಬಂದ ವರದಿಗಳನ್ನು ಓದಿ. ಮೊದಲ ವರ್ಷದ ವಿದ್ಯಾರ್ಥಿ ಥಿಯೊ ಬೇಕರ್, ವಿಶ್ವವಿದ್ಯಾಲಯದ ಆಗಿನ ಅಧ್ಯಕ್ಷ ಮಾರ್ಕ್ ಟೆಸಿಯೆ ಲಾವಿನ್ ಸಹಲೇಖಕರಾಗಿದ್ದ ಸಂಶೋಧನಾ ಪ್ರಬಂಧಗಳಲ್ಲಿನ ಚಿತ್ರಗಳ ಬಗ್ಗೆ ವಿಜ್ಞಾನಿಗಳ ವಲಯದಲ್ಲಿ ಹಿಂದಿನಿಂದಲೂ ಇದ್ದ ಅನುಮಾನಗಳನ್ನು ತಜ್ಞರ ನೆರವಿನಿಂದ ಪರಿಶೀಲಿಸಿ ಬರೆದರು. ವಿಶ್ವವಿದ್ಯಾಲಯ ಪರಿಶೀಲನಾ ಸಮಿತಿ ನೇಮಿಸಿತು. 2023ರ ಜುಲೈನಲ್ಲಿ ಬಂದ ಅದರ ವರದಿ, ಅಧ್ಯಕ್ಷರು ತಾವೇ ದತ್ತಾಂಶ ತಿದ್ದಿದ್ದಕ್ಕೆ ಆಧಾರವಿಲ್ಲ, ಆದರೆ ಪ್ರಕಟಿತ ಪ್ರಬಂಧಗಳ ದೋಷಗಳನ್ನು ಸರಿಪಡಿಸಲು ಸಾಕಷ್ಟು ಕ್ರಮ ಕೈಗೊಳ್ಳಲಿಲ್ಲ ಎಂದಿತು. ಅವರು ಹುದ್ದೆ ಬಿಡುವುದಾಗಿ ಪ್ರಕಟಿಸಿದರು. ಈ ಕೆಲಸಕ್ಕೆ ಪತ್ರಿಕೋದ್ಯಮದ ಜಾರ್ಜ್ ಪೋಕ್ ಪ್ರಶಸ್ತಿ ಬಂತೆಂಬುದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವೆನಿಸುವುದು, ಮೊದಲ ವರದಿಯ ನಂತರ ಬಂದ ಸರಣಿ. ಪ್ರಶಸ್ತಿಯ ಆಸೆಗೆ ದೊಡ್ಡ ಸ್ಫೋಟಕ್ಕಾಗಿ ಕಾದು ಕುಳಿತವರು ಇಂಥ ಕೆಲಸ ಮಾಡಲಾರರು.

ಆದ್ದರಿಂದ ಕ್ಷೇತ್ರವನ್ನು ಈಗ ಆರಿಸಬೇಡಿ. ನೀವು ಬರೆದ ವಿಷಯಗಳಲ್ಲಿ ಇನ್ನೂ ಮುಗಿಯದೆ ಉಳಿದಿರುವ ಒಂದೆರಡನ್ನು ಆರಿಸಿಕೊಂಡು, ಆಯಾ ಗಡುವಿನ ದಿನಗಳನ್ನು ಡೈರಿಯಲ್ಲಿ ಗುರುತುಹಾಕಿ ಹಿಂಬಾಲಿಸಿ. ಯಾವ ವಿಷಯದ ಜನ ನೀವು ಕೇಳದೆಯೇ ನಿಮಗೆ ಫೋನು ಮಾಡತೊಡಗುತ್ತಾರೋ ಅದೇ ಕ್ರಮೇಣ ನಿಮ್ಮ ಬೀಟ್ ಆಗುತ್ತದೆ.

ಇನ್ನು ಸಂಪಾದಕರು ಏನು ನೋಡುತ್ತಾರೆ ಎಂಬ ಪ್ರಶ್ನೆ. ಅಚ್ಚಾದ ಬರಹವನ್ನು ಅನುಭವಸ್ಥರು ಪೂರ್ತಿ ನಂಬುವುದಿಲ್ಲ, ಏಕೆಂದರೆ ಡೆಸ್ಕಿನಲ್ಲಿ ಉಪಸಂಪಾದಕರು ಅದನ್ನು ಎಷ್ಟು ತಿದ್ದಿದ್ದಾರೆ ಎಂಬುದು ಅವರಿಗೆ ಗೊತ್ತು. ಅದಕ್ಕೇ ಸಂದರ್ಶನಕ್ಕೆ ಕರೆದಾಗ ಒಂದು ಪತ್ರಿಕಾ ಪ್ರಕಟಣೆಯನ್ನು ಕೈಗಿಟ್ಟು ಸುದ್ದಿ ಮಾಡಿಕೊಡಿ ಎನ್ನುವುದುಂಟು. ನೀವು ಕಳಿಸಿದ ಮೂಲ ಕಾಪಿಯನ್ನೂ ಅಚ್ಚಾದ ರೂಪವನ್ನೂ ಅಕ್ಕಪಕ್ಕದಲ್ಲಿಟ್ಟು ಓದುವ ಅಭ್ಯಾಸ ಮಾಡಿಕೊಳ್ಳಿ. ನಿಮ್ಮ ಮೂರನೆಯ ಪ್ಯಾರಾ ಏಕೆ ಇಂಟ್ರೊ (ಸುದ್ದಿಯ ಮೊದಲ ಪ್ಯಾರಾ) ಆಯಿತು ಎಂಬುದು ಅಲ್ಲಿ ಅರ್ಥವಾಗುವಷ್ಟು ಚೆನ್ನಾಗಿ ತರಗತಿಯಲ್ಲಿ ಅರ್ಥವಾಗುವುದಿಲ್ಲ.

ಪ್ರಶ್ನೆ: ಅರ್ಜಿಯೊಂದಿಗೆ ಎಷ್ಟು ಬರಹ ಕಳಿಸಬೇಕು? ನನ್ನ ಒಂದು ವರದಿಗೆ ಪತ್ರಿಕೆ ಮರುದಿನ ತಿದ್ದುಪಡಿ ಹಾಕಿತ್ತು. ಅದನ್ನು ಕೈಬಿಡಲೇ?

ಉತ್ತರ: ಐದಾರು ಸಾಕು. ಅವುಗಳಲ್ಲಿ ಒಂದು ಗಡುವಿನೊಳಗೆ ಬರೆದ ಸಾದಾ ಸುದ್ದಿ, ಒಂದು ದಾಖಲೆಗಳನ್ನು ಓದಿ ಬರೆದದ್ದು, ಒಂದು ನುಡಿಚಿತ್ರ ಇರಲಿ; ಉಳಿದವು ಒಂದೇ ವಿಷಯದ ಮುಂದುವರಿಕೆಯಾಗಿರಲಿ. ಪ್ರತಿಯೊಂದರ ಜೊತೆಗೂ ಮಾಹಿತಿ ಹೇಗೆ ಸಿಕ್ಕಿತು ಎಂದು ಎರಡು ಸಾಲು ಬರೆಯಿರಿ. ಇಬ್ಬರು ಸೇರಿ ಬರೆದದ್ದಾದರೆ ನಿಮ್ಮ ಪಾಲು ಯಾವುದೆಂದು ಹೇಳಿ.

ತಿದ್ದುಪಡಿಯಾದ ವರದಿ ಒಳ್ಳೆಯದಾಗಿದ್ದರೆ ತಿದ್ದುಪಡಿಯ ಸಮೇತ ಕಳಿಸಿ. ಮುಚ್ಚಿಟ್ಟದ್ದು ಗೊತ್ತಾದರೆ ಆಗುವ ಹಾನಿ ತಪ್ಪಿನ ಹಾನಿಗಿಂತ ದೊಡ್ಡದು. ಈ ವೃತ್ತಿ ಯುವ ವರದಿಗಾರರ ಹೊಳೆಯುವ ಕಡತವನ್ನು ಅನುಮಾನದಿಂದ ನೋಡುವುದಕ್ಕೆ ಕಾರಣವಿದೆ. ಅಮೆರಿಕದ ಪತ್ರಕರ್ತ ಸ್ಟೀಫನ್ ಗ್ಲಾಸ್ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಯನ್ನು ಮುನ್ನಡೆಸಿ ಬಂದವರು. ‘ದಿ ನ್ಯೂ ರಿಪಬ್ಲಿಕ್’ ನಿಯತಕಾಲಿಕದಲ್ಲಿ ಅವರು ಬರೆದ 41 ಲೇಖನಗಳ ಪೈಕಿ 27ರಲ್ಲಿ ಕಟ್ಟುಕತೆ ಇತ್ತೆಂದು 1998ರಲ್ಲಿ ಬಯಲಾಯಿತು. ಅಲ್ಲಿ ತಥ್ಯ ಪರಿಶೀಲನೆ ಇರಲಿಲ್ಲವೆಂದಲ್ಲ. ಯಾವುದಕ್ಕೆ ಬೇರೆ ಆಧಾರ ಸಿಗದೋ ಅದಕ್ಕೆ ವರದಿಗಾರರ ಸ್ವಂತ ಟಿಪ್ಪಣಿಯೇ ಆಧಾರವಾಗುತ್ತಿತ್ತು, ಗ್ಲಾಸ್ ಆ ಟಿಪ್ಪಣಿಗಳನ್ನೇ ಸೃಷ್ಟಿಸುತ್ತಿದ್ದರು. ಇಲ್ಲದ ಕಂಪನಿಯೊಂದಕ್ಕೆ ವೆಬ್‌ಸೈಟನ್ನೂ ಮಾಡಿದ್ದರು. ಆ ಕಂಪನಿಯ ಕುರುಹೇ ಸಿಗದಿದ್ದಾಗ ಹಿಡಿದದ್ದು ಬೇರೊಂದು ಸಂಸ್ಥೆಯ ವರದಿಗಾರರು. ನಿಮ್ಮ ನೋಟ್‌ಪುಸ್ತಕ, ಧ್ವನಿಮುದ್ರಣ, ಮಾತಾಡಿದವರ ಫೋನ್ ಸಂಖ್ಯೆ ಇವನ್ನು ಪ್ರಕಟವಾದ ಮೇಲೂ ಜೋಪಾನವಾಗಿಟ್ಟುಕೊಳ್ಳಿ. ಸಂದರ್ಶನದಲ್ಲಿ ಯಾರಾದರೂ ಒಂದು ವಾಕ್ಯದ ಮೇಲೆ ಬೆರಳಿಟ್ಟು ‘ಇದು ನಿಮಗೆ ಹೇಗೆ ಗೊತ್ತಾಯಿತು’ ಎಂದು ಕೇಳಿದರೆ, ಆ ಪುಟ ತೆರೆದು ತೋರಿಸುವಂತಿರಬೇಕು.

ಪ್ರಶ್ನೆ: ನಮ್ಮ ಸಂಸ್ಥೆಯ ವಿದ್ಯಾರ್ಥಿನಿಲಯದ ಅವ್ಯವಸ್ಥೆಯ ಬಗ್ಗೆ ಬರೆಯಬೇಕೆಂದಿದ್ದೇನೆ. ನಾನೂ ಅಲ್ಲಿಯೇ ಇದ್ದೇನೆ. ದೂರು ಹೇಳುತ್ತಿರುವವರು ನನ್ನ ಸ್ನೇಹಿತರು, ಉತ್ತರ ಕೊಡಬೇಕಾದವರು ನನ್ನ ಅಧ್ಯಾಪಕರು. ಬರೆಯಬಹುದೇ?

ಉತ್ತರ: ವಿಷಯವನ್ನು ಬಿಡಬೇಡಿ, ಆದರೆ ಒಬ್ಬರೇ ಬರೆಯಬೇಡಿ. ನೀವು ಅಲ್ಲಿನ ನಿವಾಸಿ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ಪತ್ರಿಕೆಯ ಸಂಪಾದಕರಿಗೆ ತಿಳಿಸಿ, ಅಲ್ಲಿ ವಾಸವಿಲ್ಲದ ಸಹಪಾಠಿಯೊಬ್ಬರ ಹೆಸರಿನಲ್ಲಿ ವರದಿ ಬರುವಂತೆ ನೋಡಿಕೊಳ್ಳಿ. ನೀವು ದಾಖಲೆ, ದಿನಾಂಕ, ಸ್ಥಳದ ಪರಿಚಯ ಒದಗಿಸಿ. ಹಾಗೆ ಸಾಧ್ಯವಾಗದೆ ನೀವೇ ಬರೆಯಬೇಕಾಗಿ ಬಂದರೆ, ವರದಿಗಾರರೂ ಅಲ್ಲಿನ ನಿವಾಸಿ ಎಂಬ ಒಂದು ಸಾಲು ಓದುಗರಿಗೆ ಕಾಣುವಂತೆ ಇರಲಿ.

ಸ್ನೇಹಿತರು ಹೆಸರು ಹಾಕಬೇಡ ಎಂದರೆ, ಮಾತನಾಡುವ ಮೊದಲೇ ಷರತ್ತು ಖಚಿತವಾಗಬೇಕು. ಎಲ್ಲ ಹೇಳಿ ಮುಗಿಸಿದ ಮೇಲೆ ಇದು ಬರೆಯುವುದಕ್ಕಲ್ಲ ಎನ್ನುವವರೊಡನೆ ಕಸಿವಿಸಿ ತಪ್ಪಿದ್ದಲ್ಲ. ಹೆಸರಿಲ್ಲದ ದೂರುಗಳ ಮೇಲೆಯೇ ವರದಿ ನಿಲ್ಲದಿರಲಿ. ನೀರು ಬಾರದ ದಿನಗಳ ಪಟ್ಟಿ, ದೂರು ಪುಸ್ತಕದ ಪುಟ, ದುರಸ್ತಿಗೆ ಬರೆದ ಪತ್ರದ ಪ್ರತಿ ಸಿಕ್ಕಿದರೆ ಸ್ನೇಹಿತರ ಹೆಸರು ಬೇಕಾಗುವುದೇ ಇಲ್ಲ. ಅಧ್ಯಾಪಕರಿಗೆ ಪ್ರಶ್ನೆಗಳನ್ನು ಲಿಖಿತವಾಗಿ ಕೊಟ್ಟು, ಉತ್ತರಿಸಲು ಎರಡು ಮೂರು ದಿನ ಬಿಡಿ. ಪ್ರಕಟಣೆಗೆ ಮುನ್ನ ಇಡೀ ವರದಿಯನ್ನು ತೋರಿಸಿ ಎಂದು ಅವರು ಕೇಳಬಹುದು. ಅವರ ಹೇಳಿಕೆಯಷ್ಟನ್ನು ಓದಿ ಹೇಳಿ, ಉಳಿದದ್ದನ್ನು ತೋರಿಸುವ ಪದ್ಧತಿಯಿಲ್ಲ ಎಂದು ವಿನಯದಿಂದಲೇ ತಿಳಿಸಿ. ಆ ಅಧ್ಯಾಪಕರೇ ನಿಮಗೆ ಅಂಕ ಕೊಡುವವರೂ ಆಗಿದ್ದರೆ, ಪ್ರಶ್ನೆಪತ್ರ ನಿಮ್ಮಿಂದ ಹೋಗುವುದಕ್ಕಿಂತ ಪತ್ರಿಕೆಯ ಸಂಪಾದಕರ ಸಹಿಯಲ್ಲಿ ಹೋಗುವುದು ಒಳ್ಳೆಯದು.